ಬ್ರಿಸ್ಟಲ್ ಬಂದರಿನ ಹಡಗನ್ನು ಕೆಳಗಿನಿಂದ ನೋಡಿ

ಇಂಗ್ಲೆಂಡಿನಲ್ಲಿರುವವರು, ಅಲ್ಲಿಗೆ ಮಕ್ಕಳ ಮನೆಗೆ ಹೋಗುವವರು ಬ್ರಿಸ್ಟಲ್‌ಗೆ ಒಂದು ದಿನ ಎತ್ತಿಡಿ. ಎಂಜಿನಿಯರ್ ಬ್ರೂನೆಲ್ ರೂಪಿಸಿದ, 1843ರಲ್ಲಿ ನೀರಿಗಿಳಿದ ‘ಎಸ್‌ಎಸ್ ಗ್ರೇಟ್ ಬ್ರಿಟನ್’ ಹಡಗು ತಾನು ಹುಟ್ಟಿದ, ಈಗ ನೀರಿಲ್ಲದ ಹಡಗುಕಟ್ಟೆಯಲ್ಲೇ ನಿಂತಿದೆ.

ಬಹುತೇಕರು ನೇರವಾಗಿ ಮೇಲಿನ ಅಟ್ಟಕ್ಕೆ ಓಡುತ್ತಾರೆ. ನನ್ನ ಸಲಹೆ, ಮೊದಲು ಕೆಳಗಿಳಿಯಿರಿ. ಹಡಗಿನ ಸುತ್ತ ಹಾಸಿದ ಗಾಜಿನ ಹಾಳೆಯ ಮೇಲೆ ತೆಳುವಾಗಿ ನೀರು ಹರಿಸಿ ಸಮುದ್ರದಂತೆ ಮಾಡಿದ್ದಾರೆ. ಅದರಡಿಯಲ್ಲಿ ನಡೆಯುತ್ತಾ ತುಕ್ಕು ತಿಂದು ತೂತುಬಿದ್ದ ಕಬ್ಬಿಣದ ಒಡಲನ್ನೂ ಭಾರೀ ಪ್ರೊಪೆಲರನ್ನೂ ಹತ್ತಿರದಿಂದ ನೋಡಬಹುದು. ಉಪ್ಪು ಹೀರಿಕೊಂಡ ಕಬ್ಬಿಣ ತೇವ ತಗುಲಿದರೆ ಪುಡಿಯಾಗುತ್ತದೆ. ಹಾಗಾಗಿ ಯಂತ್ರಗಳಿಂದ ಅಲ್ಲಿನ ತೇವಾಂಶವನ್ನು ಸುಮಾರು ಶೇ 20ಕ್ಕೆ ಇಳಿಸಿಟ್ಟಿದ್ದಾರೆ. ಗಂಟಲು ಒಣಗುತ್ತದೆ, ಆದರೂ ಅವಸರ ಬೇಡ.

ಇಲ್ಲಿ ಟಿಕೆಟ್ ಅಗ್ಗವಲ್ಲ. ಆದರೆ ಬಂದರಿನ ದಂಡೆಯಲ್ಲೇ ನಡೆದು ಹೋಗಬಹುದಾದ ‘ಎಂ ಶೆಡ್’ ಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಹೊರಗೆ 1950ರ ದಶಕದ ನಾಲ್ಕು ವಿದ್ಯುತ್ ಕ್ರೇನ್‌ಗಳಿವೆ. ಸ್ವಲ್ಪ ಮುಂದೆ 1878ರ ಉಗಿ ಕ್ರೇನ್ ಇದೆ. ಕೆಲವು ವಾರಾಂತ್ಯಗಳಲ್ಲಿ ಕ್ರೇನ್‌ಗಳನ್ನು ಚಾಲೂ ಮಾಡುತ್ತಾರೆ, ಜಾಲತಾಣದಲ್ಲಿ ದಿನ ನೋಡಿಕೊಂಡೇ ಹೊರಡಿ. ಸೋಮವಾರ ಮಾತ್ರ ಬೇಡ, ಎಂ ಶೆಡ್‌ಗೆ ಸಾಮಾನ್ಯವಾಗಿ ರಜೆ.