ಕಾರವಾರದ ಬೀಚಲ್ಲಿ ಚಂದ್ರನ ಲ್ಯಾಂಡಿಂಗ್: ಫ್ಲೈಟ್‌ಗೇರ್‌ನಲ್ಲಿ ಎಲ್‌ಎಲ್‌ಆರ್‌ವಿ ಮಾಡಿಕೊಳ್ಳುವುದು ಹೀಗೆ

ಚಂದ್ರನ ಮೇಲೆ ಇಳಿಯುವ ಮೊದಲು ನೀಲ್ ಆರ್ಮ್‌ಸ್ಟ್ರಾಂಗ್ ಭೂಮಿಯ ಮೇಲೇ ಅಭ್ಯಾಸ ಮಾಡಿದ ಆ ನಾಲ್ಕು ಕಾಲಿನ ವಿಮಾನದ ಫೋಟೋ ನೋಡಿದ್ದೀರಿ ಅಲ್ವಾ? ರೆಕ್ಕೆ ಇಲ್ಲ, ಬಾಲ ಇಲ್ಲ, ಬರೀ ಕೊಳವೆಗಳ ಚೌಕಟ್ಟು, ನಡುವೆ ನೆಟ್ಟಗೆ ನಿಲ್ಲಿಸಿದ ಒಂದು ಜೆಟ್ ಇಂಜಿನ್. ಬೆಲ್ ಕಂಪನಿ ನಾಸಾಗೆ ಕಟ್ಟಿಕೊಟ್ಟ ಎಲ್‌ಎಲ್‌ಆರ್‌ವಿ (ಲೂನಾರ್ ಲ್ಯಾಂಡಿಂಗ್ ರಿಸರ್ಚ್ ವೆಹಿಕಲ್) ಅದು. 1964ರ ಅಕ್ಟೋಬರ್ 30ರಂದು ಜೋ ವಾಕರ್ ಮೊದಲ ಸಲ ಹಾರಿಸಿದರು. ಆಮೇಲೆ ಗಗನಯಾತ್ರಿಗಳ ತರಬೇತಿಗೆ ಅಂತಲೇ ಅದರದ್ದೇ ಇನ್ನೊಂದು ರೂಪ ಎಲ್‌ಎಲ್‌ಟಿವಿ ಬಂತು. ಎರಡೂ ಸೇರಿ ಐದು ಕಟ್ಟಿದರು, ಅದರಲ್ಲಿ ಮೂರು ಬಿದ್ದು ಹಾಳಾದವು.

ಈ ವಿಮಾನವನ್ನು ಕಂಪ್ಯೂಟರಿನಲ್ಲಿ ಮಾಡಿ ಹಾರಿಸೋಣ. ಫ್ಲೈಟ್‌ಗೇರ್ ಎಂಬ ವಿಮಾನ ಸಿಮ್ಯುಲೇಟರ್ ಪುಕ್ಕಟೆ ಸಿಗುತ್ತದೆ, ಹಾಗಾಗಿ ಅದನ್ನೇ ತೆಗೆದುಕೊಳ್ಳೋಣ. ಶಿರಸಿ, ಸಿದ್ದಾಪುರದ ಕಡೆಯವರು ಒಂದು ಕೆಲಸ ಮೊದಲೇ ಮಾಡಿ: ಇ070ಎನ್10 ಎಂಬ ಸೀನರಿ (ನೆಲದ ನಕ್ಷೆ) ತುಂಡನ್ನು ನೆಟ್‌ವರ್ಕ್ ಚೆನ್ನಾಗಿರುವಾಗ ಇಳಿಸಿಟ್ಟುಕೊಳ್ಳಿ. ಕಾರವಾರ, ಶಿರಸಿ, ಗೋವಾ, ಹುಬ್ಬಳ್ಳಿ ಎಲ್ಲ ಅದರೊಳಗೇ ಬರುತ್ತವೆ. ಮಳೆ ಹಿಡಿದ ಮೇಲೆ ಹಾರುತ್ತಾ ಹಾರುತ್ತಾ ಸೀನರಿ ಇಳಿಯಲಿ ಅಂತ ಕೂತರೆ ಆಗುವ ಮಾತಲ್ಲ.

3ಡಿ ಮಾಡೆಲ್‌ನಿಂದ ಶುರು ಮಾಡಬೇಡಿ. ಹೆಚ್ಚಿನವರು ಕಾಲು, ಸೀಟು, ಬಣ್ಣ ಅಂತ ಅಲ್ಲೇ ಸುಸ್ತಾಗಿ ಬಿಡುತ್ತಾರೆ. ಈ ವಿಮಾನದ ಜೀವ ಇರುವುದು ಬಲದ ಲೆಕ್ಕದಲ್ಲಿ. ಅದು ಸರಿಯಾದರೆ ಒಂದು ಡಬ್ಬಿ ಹಾರಿಸಿದರೂ ಎಲ್‌ಎಲ್‌ಆರ್‌ವಿ ಹಾರಿಸಿದ ಹಾಗೇ ಆಗುತ್ತದೆ.

ಲೆಕ್ಕ ಹೀಗಿದೆ. ಚಂದ್ರನಲ್ಲಿ ತೂಕ ಇಲ್ಲಿಯ ಆರರಲ್ಲಿ ಒಂದು ಪಾಲು. ಉಳಿದ ಐದು ಪಾಲನ್ನು ಜೆಟ್ ಹೊರುತ್ತದೆ. ಜೆಟ್ ಗಿಂಬಲ್‌ನಲ್ಲಿ, ಅಂದರೆ ಎಲ್ಲ ಕಡೆಗೂ ತಿರುಗುವ ಕೀಲಿನಲ್ಲಿ, ಕೂತಿರುವುದರಿಂದ ಚೌಕಟ್ಟು ಎತ್ತ ವಾಲಿದರೂ ಅದು ನೆಟ್ಟಗೇ ಇರುತ್ತದೆ. ಆ ಕೊನೆಯ ಒಂದು ಪಾಲನ್ನು ಹೈಡ್ರೋಜನ್ ಪೆರಾಕ್ಸೈಡ್‌ನ ಎರಡು ಲಿಫ್ಟ್ ರಾಕೆಟ್ ಹೊರುತ್ತವೆ, ಒಂದೊಂದಕ್ಕೆ 100ರಿಂದ 500 ಪೌಂಡ್ ಬಲ. ಇವು ಚೌಕಟ್ಟಿನ ಜೊತೆಗೇ ವಾಲುತ್ತವೆ.

ಇದನ್ನು ಜೆಎಸ್‌ಬಿಸಿಮ್ (ಫ್ಲೈಟ್‌ಗೇರ್‌ನಲ್ಲಿ ಹಾರಾಟದ ಲೆಕ್ಕ ಮಾಡುವ ಭಾಗ) ಫೈಲಿನಲ್ಲಿ ಎಕ್ಸ್‌ಟರ್ನಲ್ ರಿಯಾಕ್ಷನ್ಸ್ ಭಾಗದಲ್ಲಿ ಬರೆಯಿರಿ. ಜೆಟ್‌ಗೆ ಒಂದು ಫೋರ್ಸ್, ಅದರ ಫ್ರೇಮ್ ಲೋಕಲ್, ಅಂದರೆ ದಿಕ್ಕು ನೆಲಕ್ಕೆ ಹೊಂದಿಕೊಂಡು. ದಿಕ್ಕು ಝಡ್‌ನಲ್ಲಿ ಮೈನಸ್ 1, ಯಾಕೆಂದರೆ ಅಲ್ಲಿ ಪ್ಲಸ್ ಅಂದರೆ ಕೆಳಗೆ. ಬಲಕ್ಕೆ ಒಂದು ಅಂಕಿ ಬರೆದು ಸುಮ್ನೆ ಬಿಡಬೇಡಿ, ಆ ಕ್ಷಣದ ತೂಕವನ್ನು 0.8333ರಿಂದ ಗುಣಿಸುವ ಫಂಕ್ಷನ್ ಕೊಡಿ. ಆಗ ಇಂಧನ ಖಾಲಿಯಾದಂತೆ ಅದೂ ತಾನೇ ಇಳಿಯುತ್ತದೆ. ರಾಕೆಟ್‌ಗಳಿಗೆ ಇನ್ನೊಂದು ಫೋರ್ಸ್, ಅದರ ಫ್ರೇಮ್ ಬಾಡಿ (ವಿಮಾನಕ್ಕೆ ಹೊಂದಿಕೊಂಡು), ಬಲ ಥ್ರಾಟಲ್‌ಗೆ ತಕ್ಕಂತೆ 1,000 ಪೌಂಡ್‌ವರೆಗೆ. ನಿಮ್ಮ ಮಾಡೆಲ್ 3,700 ಪೌಂಡ್ ತೂಗಿದರೆ ಜೆಟ್ ಹೊರುವುದು ಸುಮಾರು 3,083. ರಾಕೆಟ್‌ಗಳ ಬಲ ಉಳಿದ 617ಕ್ಕೆ ಸಮ ಇದ್ದರೆ ವಿಮಾನ ಗಾಳಿಯಲ್ಲಿ ನಿಲ್ಲುತ್ತದೆ. ನಿಜವಾದ ಜೆಟ್‌ಗೆ 4,200 ಪೌಂಡ್ ಶಕ್ತಿ ಇತ್ತು, ಹಾಗಾಗಿ ನೆಲದಿಂದ ಏಳುವಾಗ ಅದೊಂದೇ ಸಾಕು.

ಜೆಟ್‌ನ ಬಲ ತಾಗುವ ಜಾಗ ಭಾರಕೇಂದ್ರದಲ್ಲೇ ಇರಬೇಕು. ಅದಕ್ಕಿಂತ ಕೆಳಗಿದ್ದರೆ ವಾಲಿದಷ್ಟೂ ಇನ್ನೂ ವಾಲುತ್ತದೆ. ಮೇಲಿದ್ದರೆ ತಾನಾಗಿ ನೆಟ್ಟಗಾಗಿಬಿಡುತ್ತದೆ, ಹಾರಿಸುವುದು ಸುಲಭ ಅನಿಸುತ್ತದೆ, ಆದರೆ ಅದು ಸುಳ್ಳು ಸುಲಭ. ಏರೋಡೈನಾಮಿಕ್ಸ್ ಭಾಗ ಸದ್ಯಕ್ಕೆ ಖಾಲಿ ಬಿಡಿ, ಚಂದ್ರನಲ್ಲಿ ಗಾಳಿಯೇ ಇಲ್ಲ.

ಈಗ ಪರೀಕ್ಷೆ. 500 ಅಡಿ ಎತ್ತರದಲ್ಲಿ ಅಲ್ಲಾಡದೆ ನಿಂತಿರುವ ಹಾಗೆ ಶುರು ಮಾಡಿ, ರಾಕೆಟ್ ಪೂರ್ತಿ ಬಂದ್ ಮಾಡಿ, ಗಡಿಯಾರ ನೋಡಿ. ನೆಲ ಮುಟ್ಟಲು ಸುಮಾರು 14 ಸೆಕೆಂಡ್ ಬೇಕು. ಐದೂವರೆ ಸೆಕೆಂಡಿಗೇ ಬಿದ್ದರೆ ಜೆಟ್ ಫೋರ್ಸ್ ಕೆಲಸ ಮಾಡುತ್ತಿಲ್ಲ.

ಸ್ಟಿಕ್‌ಗೆ ರೇಟ್ ಕಂಟ್ರೋಲ್ ಕೊಡಿ: ಪೂರ್ತಿ ಒತ್ತಿದರೆ ಸೆಕೆಂಡಿಗೆ 20 ಡಿಗ್ರಿ ತಿರುಗಲಿ, ಬಿಟ್ಟರೆ ಇದ್ದ ವಾಲಿನಲ್ಲೇ ನಿಲ್ಲಲಿ. ನಿಜವಾದದ್ದರಲ್ಲಿ ಇದಕ್ಕೆ 16 ಪುಟ್ಟ ರಾಕೆಟ್‌ಗಳಿದ್ದವು. 1968ರ ಮೇ 6ರಂದು ಆರ್ಮ್‌ಸ್ಟ್ರಾಂಗ್ ಕೈಕೊಟ್ಟ ವಿಮಾನದಿಂದ ಸುಮಾರು 200 ಅಡಿ ಎತ್ತರದಲ್ಲಿ ಸೀಟು ಸಮೇತ ಹೊರಗೆ ಹಾರಿದ್ದು ಈ ಹಿಡಿತ ತಪ್ಪಿದ್ದಕ್ಕೇ.

ಮೊದಲ ಹಾರಾಟ ಗೋವಾದ ದಾಬೋಲಿಂ ರನ್‌ವೇ ಮೇಲೆ ಮಾಡಿ, ಗೆರೆಗಳಿಂದ ಎತ್ತರ, ವೇಗ ಗೊತ್ತಾಗುತ್ತದೆ. ಲೈವ್ ವೆದರ್ ಆಫ್ ಇರಲಿ. ಇಲ್ಲದಿದ್ದರೆ ಗಾಳಿ ಲೆಕ್ಕ ಸೇರಿಸಿದ ದಿನ ಕಾರವಾರಕ್ಕೂ ದಾಬೋಲಿಂನ ಹವಾಮಾನವೇ ಬಂದು ಕೂರುತ್ತದೆ. ಕೈ ಕುದುರಿದ ಮೇಲೆ ಟಾಗೋರ್ ಬೀಚಿಗೆ ಬನ್ನಿ. ಚಾಪಲ್ ಯುದ್ಧನೌಕೆ ಇರುವ ಕಡೆ ಗುರುತಿಗೆ ಒಂದು ಡಬ್ಬಿ ಇಟ್ಟುಕೊಂಡು, ಅದರ ಪಕ್ಕದ ಮರಳಿನಲ್ಲಿ ಇಳಿಸಲು ನೋಡಿ.

ಕಷ್ಟ ಶುರುವಾಗುವುದು ಇಲ್ಲೇ. ಕಾಳಿ ನದಿಯಲ್ಲಿ ಇಂಜಿನ್ ಬಂದ್ ಮಾಡಿದ ದೋಣಿಯ ಹಾಗೆ ಇದು ಜಾರುತ್ತಲೇ ಇರುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿದ್ದಾಗ 10 ಡಿಗ್ರಿ ಹಿಂದಕ್ಕೆ ವಾಲಿಸಿದರೆ ಹೆಲಿಕಾಪ್ಟರ್ ಮೂರೇ ಸೆಕೆಂಡಿಗೆ ನಿಲ್ಲುತ್ತದೆ, ಇದಕ್ಕೆ 17 ಸೆಕೆಂಡ್ ಮೇಲೆ ಬೇಕು. 30 ಡಿಗ್ರಿ ವಾಲಿಸಿದರೆ ಐದಾರು ಸೆಕೆಂಡ್ ಸಾಕು, ಆದರೆ ಆಗ ಎತ್ತರ ಕಳೆದುಕೊಳ್ಳದಿರಲು ರಾಕೆಟ್‌ಗೆ ಶೇ. 15ರಷ್ಟು ಬಲ ಜಾಸ್ತಿ ಕೊಡಬೇಕು, ನೆಟ್ಟಗಾಗುವಾಗ ಅದನ್ನು ಮತ್ತೆ ಇಳಿಸಬೇಕು. ಎರಡೂ ಕೈ ಒಟ್ಟಿಗೆ ಕೆಲಸ ಮಾಡುವುದನ್ನು ಕಲಿಯಬೇಕಾಗುತ್ತದೆ, ಆರ್ಮ್‌ಸ್ಟ್ರಾಂಗ್ ಕೂಡ ಇದನ್ನೇ ಕಲಿತದ್ದು.

ಕಾಲು ನೆಲ ಮುಟ್ಟಿದ ಮೇಲೂ ಜೆಟ್ ಐದು ಪಾಲು ತೂಕ ಹೊತ್ತೇ ಇರುತ್ತದೆ, ಆದ್ದರಿಂದ ಅಡ್ಡ ವೇಗ ಸ್ವಲ್ಪ ಇದ್ದರೂ ಮಗುಚುತ್ತದೆ. ನಾಲ್ಕೂ ಕಾಲಿನ ಡಬ್ಲ್ಯೂಒಡಬ್ಲ್ಯೂ ಪ್ರಾಪರ್ಟಿ (ಕಾಲು ನೆಲ ಮುಟ್ಟಿದೆಯೇ ಅಂತ ಹೇಳುವುದು) 1 ಆದಾಗ ಜೆಟ್ ಬಲ ಎರಡು ಸೆಕೆಂಡಿನಲ್ಲಿ ಸೊನ್ನೆಗೆ ಇಳಿಯುವಂತೆ ಬರೆದುಕೊಳ್ಳಿ.