ಪಕ್ಕದ ಸೀಟಿನವರಿಗೂ ಗೊತ್ತಿರಲಿ: ಜೋಡಿಯಾಗಿ ಔಟ್‌ಬ್ಯಾಕ್ ಸುತ್ತುವ ಕನ್ನಡಿಗರಿಗೆ

ಹೊರಡುವ ಹಿಂದಿನ ರಾತ್ರಿ ನಮ್ಮನೆಯವರು ಪಿಎಲ್‌ಬಿ ಅನ್ನೋ ಪುಟ್ಟ ಡಬ್ಬಿಯನ್ನು ಆನ್‌ಲೈನಿನಲ್ಲಿ ರಿಜಿಸ್ಟರ್ ಮಾಡುತ್ತಾ ಕೂತಿದ್ದರು. ದಿಕ್ಕಿಲ್ಲದ ಜಾಗದಲ್ಲಿ ಸಿಕ್ಕಿಕೊಂಡಾಗ ಅದರ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಕ್ಯಾನ್‌ಬೆರಾದ ರಕ್ಷಣಾ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ. ಫಾರ್ಮಿನಲ್ಲಿ ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಂತ ಒಂದು ಜಾಗ. ಅಲ್ಲಿ ನನ್ನ ಹೆಸರು ತುಂಬಿದ್ದರು.

"ರೀ, ನಾನು ನಿಮ್ಮ ಪಕ್ಕದ ಸೀಟಲ್ಲೇ ಇರ್ತೀನಲ್ಲ. ಅವರು ಫೋನ್ ಮಾಡಿದ್ರೆ ಎಲ್ಲಿಂದ ಎತ್ತಲಿ?"

ನಕ್ಕು ಸರಿಮಾಡಿದೆವು. ಆದರೆ ನಮ್ಮಂಥ ಜೋಡಿಗಳ ಪ್ರವಾಸದ ತೊಂದರೆ ಪೂರ್ತಿ ಅದೇ ಒಂದು ಸಾಲಿನಲ್ಲಿದೆ. ಗಾಡಿ, ಇನ್ಶೂರೆನ್ಸ್, ಮ್ಯಾಪು ಒಬ್ಬರ ತಲೆಯಲ್ಲಿ. ಊಟ, ಔಷಧಿ, ಬ್ಯಾಗು ಇನ್ನೊಬ್ಬರ ತಲೆಯಲ್ಲಿ. ಮೆಲ್ಬರ್ನಿನಲ್ಲಿ ಇದು ನಡೆಯುತ್ತದೆ, ಯಾಕೆಂದರೆ ಮೂರನೆಯವರು ಹತ್ತು ನಿಮಿಷದ ದೂರದಲ್ಲಿ ಇರುತ್ತಾರೆ. ಔಟ್‌ಬ್ಯಾಕ್‌ನಲ್ಲಿ, ಅಂದರೆ ಆಸ್ಟ್ರೇಲಿಯಾದ ಜನವಿರಳ ಒಳನಾಡಿನಲ್ಲಿ, ಆ ಮೂರನೆಯವರು ಇಲ್ಲ. ಅಲ್ಲಿನ ನಿಯಮ, ಪರ್ಮಿಟ್ಟು, ಬೋರ್ಡು ಎಲ್ಲದರ ಹಿಂದೆ ಇರುವುದು ಒಂದೇ ಲೆಕ್ಕ: ಸಹಾಯ ಬರಲು ಹೊತ್ತಾಗುತ್ತದೆ, ಅಲ್ಲಿಯವರೆಗೆ ನಿಮ್ಮನ್ನು ನೀವೇ ನೋಡಿಕೊಳ್ಳಿ.

ನಾವು ಹೋದದ್ದು ಸ್ಟುವರ್ಟ್ ಹೈವೇಯಲ್ಲಿ. ದಕ್ಷಿಣದ ಪೋರ್ಟ್ ಆಗಸ್ಟಾದಿಂದ ಉತ್ತರದ ಡಾರ್ವಿನ್‌ವರೆಗೆ ಸುಮಾರು 2,700 ಕಿ.ಮೀ. ಬೆಂಗಳೂರಿನಿಂದ ದಿಲ್ಲಿಗೆ ಹೋಗುವುದಕ್ಕಿಂತ ದೂರ. ರಸ್ತೆ ಪೂರ್ತಿ ಟಾರು, ಮಾಮೂಲಿ ಕಾರು ಸಾಕು. ಮೊದಲ ಸಲ ಹೋಗುವವರಿಗೆ ಇದೇ ಸರಿಯಾದ ದಾರಿ. ಮೇಯಿಂದ ಆಗಸ್ಟ್ ಒಳಗೆ ಹೋಗಿಬನ್ನಿ. ಇಲ್ಲಿನ ಬೇಸಿಗೆಯಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ, ನಡುನಾಡು 40 ಡಿಗ್ರಿ ದಾಟುತ್ತದೆ, ಉತ್ತರದ ತುದಿಯಲ್ಲಿ ಆಗ ಮಳೆಗಾಲ. ಆದರೆ ಜುಲೈ ರಾತ್ರಿ ನಡುನಾಡಿನ ಆಲಿಸ್ ಸ್ಪ್ರಿಂಗ್ಸ್ ಊರಿನಲ್ಲಿ ಚಳಿ ಸೊನ್ನೆಯ ಹತ್ತಿರ ಇಳಿಯುತ್ತದೆ. ಮರುಭೂಮಿ ತಾನೇ ಅಂತ ತೆಳು ಹೊದಿಕೆ ಹಿಡಿದು ಹೋದವಳು ನಾನು. ಎರಡು ರಾತ್ರಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಮಲಗಿದೆ.

ಮೊದಲು ಗಾಡಿಯ ಕಾಗದ. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಡ್ರೈವರ್ ಅಂತ ಇರಲೇಬೇಕು. ಹೆಸರಿಲ್ಲದವರು ಓಡಿಸುವಾಗ ಏನಾದರೂ ಆದರೆ ಇನ್ಶೂರೆನ್ಸ್ ಕೈಬಿಡುತ್ತದೆ. "ನಾನೇ ಓಡಿಸ್ತೀನಿ ಬಿಡು" ಅನ್ನುವವರಿಗೂ ಹಾವು ಕಚ್ಚಬಹುದು, ಜ್ವರ ಬರಬಹುದು ಅಲ್ವಾ? ಊರಿನ ಲೈಸೆನ್ಸ್ ಇದ್ದವರು ಇಂಟರ್‌ನ್ಯಾಷನಲ್ ಪರ್ಮಿಟ್ಟನ್ನು ಹೊರಡುವ ಮೊದಲೇ ಅಲ್ಲಿನ ಆರ್‌ಟಿಓದಲ್ಲಿ ಮಾಡಿಸಿಕೊಂಡು ಬನ್ನಿ, ಅದು ಇಲ್ಲಿ ಸಿಗುವುದಿಲ್ಲ. ಹೊರದೇಶದ ಲೈಸೆನ್ಸಿನಲ್ಲಿ ಎಷ್ಟು ತಿಂಗಳು ಓಡಿಸಬಹುದು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ವೀಸಾ ಮೇಲೂ ಬೇರೆ. ನೀವು ದಾಟುವ ಪ್ರತಿ ರಾಜ್ಯದ ಸಾರಿಗೆ ಇಲಾಖೆಯ ಪುಟವನ್ನು ನೋಡಿ.

ಕರಾರಿನ ಸಣ್ಣ ಅಕ್ಷರಗಳಲ್ಲಿ ಎರಡು ಸಾಲು ಹುಡುಕಿ. ಒಂದು, ಮಣ್ಣುರಸ್ತೆಗೆ ಇಳಿಯಬಾರದು. ಇನ್ನೊಂದು, ಊರಿನ ಹೊರಗೆ ಕತ್ತಲಾದ ಮೇಲೆ ಓಡಿಸಬಾರದು. ಎರಡನೆಯದು ಸುಮ್ನೆ ಹಾಕಿದ್ದಲ್ಲ. ಹೈವೇಯ ಉದ್ದಕ್ಕೂ ಎಷ್ಟೋ ಕಡೆ ಬೇಲಿಯೇ ಇಲ್ಲ. ಸಂಜೆ ಮತ್ತು ಮುಂಜಾನೆ ಕಾಂಗರೂ ರಸ್ತೆಗೆ ಬರುತ್ತವೆ, ದನ ರಸ್ತೆಯಲ್ಲೇ ಮಲಗಿರುತ್ತವೆ. ನಾರ್ದರ್ನ್ ಟೆರಿಟರಿಯಲ್ಲಿ ಈ ಹೈವೇಯ ವೇಗಮಿತಿ ಬಹಳ ಕಡೆ 130. ಆ ವೇಗದಲ್ಲಿ ಕಪ್ಪು ಹಸು ಕಂಡಾಗ ಬ್ರೇಕಿಗೆ ಸಮಯ ಉಳಿದಿರುವುದಿಲ್ಲ. ನಾವು ನಾಲ್ಕೂವರೆಗೆಲ್ಲ ಎಲ್ಲಾದರೂ ನಿಲ್ಲಿಸಿಬಿಡುತ್ತಿದ್ದೆವು.

ರೋಡ್ ಟ್ರೇನ್ ಅಂದರೆ ಮೂರು ನಾಲ್ಕು ಟ್ರೇಲರ್ ಎಳೆಯುವ ಲಾರಿ, 53.5 ಮೀಟರ್‌ವರೆಗೆ ಉದ್ದ. ಹಿಂದೆ ಹಾಕಲು ಆತುರ ಬೇಡ. ಮುಂದೆ ಕನಿಷ್ಠ ಒಂದು ಕಿ.ಮೀ. ಖಾಲಿ ಕಾಣಬೇಕು. ಎದುರಿಗೆ ಬಂದಾಗ ಅದರ ಗಾಳಿ ವ್ಯಾನನ್ನು ಒಮ್ಮೆ ತಳ್ಳುತ್ತದೆ, ಸ್ಟಿಯರಿಂಗ್ ಗಟ್ಟಿ ಹಿಡಿಯಿರಿ. ಎದುರು ಬರುವ ಬಹಳ ಡ್ರೈವರುಗಳು ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತುತ್ತಾರೆ. ಅದು ನಮಸ್ಕಾರ. ನೀವೂ ಎತ್ತಿ.

ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ತುಂಬಿಸುವುದು ಇನ್ನೊಂದು ಅಭ್ಯಾಸ. ಆಲಿಸ್ ಸ್ಪ್ರಿಂಗ್ಸ್ ಬಿಟ್ಟರೆ ಟೆನ್ನಂಟ್ ಕ್ರೀಕ್‌ನಂಥ ಊರು ಸಿಗುವುದು ಐನೂರು ಕಿ.ಮೀ. ಆದಮೇಲೆ. ನಡುವೆ ಇರುವುದು ರೋಡ್‌ಹೌಸ್ ಮಾತ್ರ, ಬಂಕ್, ಹೋಟೆಲ್, ಶವರ್, ಬಾರು ಎಲ್ಲ ಒಂದೇ ಸೂರಿನಡಿ. ಕೂಬರ್ ಪೀಡಿಗೆ ಮುಂಚೆ ಸುಮಾರು 250 ಕಿ.ಮೀ. ಏನೂ ಸಿಗುವುದಿಲ್ಲ. ಕೆಲವು ಕಡೆ ಪಂಪಿನ ಮೇಲೆ ಲೋ ಅರೋಮ್ಯಾಟಿಕ್ ಅಂತ ಬರೆದಿರುತ್ತದೆ. ಗಾಬರಿ ಬೇಡ, ಮಾಮೂಲಿ 91 ಆಕ್ಟೇನ್ ಪೆಟ್ರೋಲಿನ ಬದಲಿಗೆ ಹಾಕಬಹುದು. ಪೆಟ್ರೋಲ್ ಮೂಸುವ ಚಟ ತಪ್ಪಿಸಲು ಬಂದ ಇಂಧನ ಅದು.

ಕೂಬರ್ ಪೀಡಿಯಲ್ಲಿ ಒಂದು ರಾತ್ರಿ ಉಳಿಯಿರಿ. 1915ರಿಂದ ಓಪಲ್ ಕಲ್ಲು ತೆಗೆಯುತ್ತಿರುವ ಊರು. ಬಿಸಿಲು ತಾಳದೆ ಜನ ನೆಲದೊಳಗೆ ಮನೆ ಕೊರೆದುಕೊಂಡಿದ್ದಾರೆ. ಊರಿನ ಸುತ್ತ ಮುಚ್ಚದ ಗಣಿಬಾವಿಗಳು. ಹಿಂದಕ್ಕೆ ನಡೆಯಬೇಡಿ ಅಂತಲೇ ಬೋರ್ಡಿದೆ. ಫೋಟೋ ತೆಗೆಯಲು ಹೆಂಡತಿಯನ್ನು "ಇನ್ನೊಂದ್ ಸ್ವಲ್ಪ ಹಿಂದೆ ಹೋಗು" ಅನ್ನುವ ಗಂಡಂದಿರು ಅದನ್ನು ಎರಡು ಸಲ ಓದಬೇಕು.

ಆ ಊರು ದಾಟಿ ನೂರು ಕಿ.ಮೀ. ಆಗಿರಬೇಕು, ಹಿಂದಿನ ಎಡ ಚಕ್ರ ಪಂಕ್ಚರ್ ಆಯಿತು. ಗಾಡಿ ಕೊಡುವಾಗ ಸ್ಟೆಪ್ನಿ ಎಲ್ಲಿದೆ ಅಂತ ತೋರಿಸಿದ್ದು ಇವರಿಗೆ. ನಾನು ಆಗ ಬ್ಯಾಗು ಜೋಡಿಸುತ್ತಿದ್ದೆ. ಈಗ ಇವರಿಗೆ ನೆನಪಿರುವುದು "ಕೆಳಗೆಲ್ಲೋ ಇದೆ" ಅಂತ ಮಾತ್ರ. ಸೀಟೆಲ್ಲ ಎತ್ತಿ ನೋಡಿದೆವು. ನೊಣಗಳು ಕಣ್ಣಿಗೆ, ಮೂಗಿಗೆ. ಫೋನಿನಲ್ಲಿ ಒಂದು ಗೆರೆ ಸಿಗ್ನಲ್ಲೂ ಇಲ್ಲ. ಹದಿನೈದು ನಿಮಿಷದಲ್ಲಿ ಕ್ಯಾರವಾನ್ ಎಳೆದುಕೊಂಡು ಬಂದ ವಯಸ್ಸಾದ ದಂಪತಿ ನಿಲ್ಲಿಸಿದರು. ಇಂಥವರಿಗೆ ಇಲ್ಲಿ ಗ್ರೇ ನೋಮ್ಯಾಡ್ ಅನ್ನುತ್ತಾರೆ, ರಿಟೈರ್ ಆಗಿ ತಿಂಗಳುಗಟ್ಟಲೆ ದೇಶ ಸುತ್ತುವವರು. ಆ ಅಜ್ಜ ಇಳಿದು ಇವರ ಜೊತೆ ಹವಾಮಾನ ಮಾತಾಡತೊಡಗಿದರು. ಅಜ್ಜಿ ನೇರ ಹಿಂದಕ್ಕೆ ಬಂದು, ಬಂಪರಿನಲ್ಲಿದ್ದ ಸಣ್ಣ ತೂತಿಗೆ ಕಂಬಿ ತೂರಿಸಿ ತಿರುಗಿಸಿದರು. ವ್ಯಾನಿನ ಹೊಟ್ಟೆಯಿಂದ ಸ್ಟೆಪ್ನಿ ಸರಪಳಿಯಲ್ಲಿ ಮೆಲ್ಲಗೆ ಕೆಳಗಿಳಿಯಿತು. ಬಾವಿಗೆ ಕೊಡ ಇಳಿಸಿದ ಹಾಗೆ! ಜ್ಯಾಕ್ ಎಲ್ಲಿ ಕೊಡಬೇಕು ಅಂತ ನನಗೇ ತೋರಿಸಿ, ಕೊನೆಯ ಎರಡು ನಟ್ಟು ನನ್ನ ಕೈಯಲ್ಲೇ ಬಿಗಿ ಮಾಡಿಸಿದರು. ಈಗ ಗಾಡಿ ತೆಗೆದುಕೊಳ್ಳುವಾಗ ಇಬ್ಬರೂ ನಿಂತು ನೋಡುತ್ತೇವೆ, ವಿಡಿಯೋ ಮಾಡಿಕೊಳ್ಳುತ್ತೇವೆ.

ಗಾಡಿ ಪೂರ್ತಿ ಕೆಟ್ಟರೆ ಅದನ್ನು ಬಿಟ್ಟು ನಡೆದು ಹೋಗಬಾರದು. ಗಾಡಿಯೇ ನೆರಳು, ವಿಮಾನದಿಂದ ಹುಡುಕುವವರಿಗೆ ಕಾಣುವುದೂ ಅದೇ. ನೀರು ತಲೆಗೆ ದಿನಕ್ಕೆ 10 ಲೀಟರ್ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಫೋನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತುರ್ತು ನಂಬರ್ 000. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯದಿದ್ದರೆ ಕರೆ ಹೋಗುತ್ತದೆ. ಯಾವುದೂ ಇಲ್ಲದಿದ್ದರೆ ಇಲ್ಲ. ಹಳ್ಳಿಗಾಡಿನಲ್ಲಿ ಜಾಸ್ತಿ ದೂರ ಹಬ್ಬಿರುವುದು ಟೆಲ್‌ಸ್ಟ್ರಾ, ಆದರೆ ಅದೂ ಊರು ಬಿಟ್ಟರೆ ಬಹಳ ಕಡೆ ಮಾಯ. 2024ರಲ್ಲಿ ಇಲ್ಲಿ 3ಜಿ ನಿಂತುಹೋಯಿತು. 4ಜಿಯಲ್ಲಿ ತುರ್ತು ಕರೆ ಮಾಡಲಾಗದ ಫೋನನ್ನು ಕಂಪನಿಗಳು ಬ್ಲಾಕ್ ಮಾಡಬೇಕು ಅನ್ನುವ ನಿಯಮವೂ ಬಂತು. ಊರಿನಿಂದ ತಂದ ಹಳೆಯ ಫೋನ್ ಇದ್ದರೆ ಮೊದಲೇ ಕೇಳಿ ನೋಡಿ. ಅದಕ್ಕೇ ನಾವು ಪಿಎಲ್‌ಬಿ ಕೊಂಡಿದ್ದು. ರಿಜಿಸ್ಟ್ರೇಷನ್‌ಗೆ ದುಡ್ಡಿಲ್ಲ, ತಿಂಗಳ ಬಾಡಿಗೆಯೂ ಇಲ್ಲ. ಕಾಂಟ್ಯಾಕ್ಟ್ ಆಗಿ ಇಲ್ಲೇ ಇರುವ ಸ್ನೇಹಿತರ ಹೆಸರು ಕೊಡಿ. ಮೈಸೂರಿನ ಅಪ್ಪ-ಅಮ್ಮನಿಗೆ ನಡುರಾತ್ರಿ ಗೊತ್ತಿಲ್ಲದ ನಂಬರಿನಿಂದ ಕರೆ ಹೋದರೆ ಅವರು ಎತ್ತುವುದಿಲ್ಲ, ಎತ್ತಿದರೆ ಇನ್ನೂ ಕಷ್ಟ.

ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಬಹಳ ಸಲ ವಿಮಾನವೇ ಬರುತ್ತದೆ. ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ 1928ರಿಂದ ಈ ಕೆಲಸ ಮಾಡುತ್ತಿದೆ. ಅದನ್ನು ಶುರು ಮಾಡಿದ ಪಾದ್ರಿ ಜಾನ್ ಫ್ಲಿನ್ ಅವರ ಮುಖ ನಿಮ್ಮ ಪರ್ಸಿನ 20 ಡಾಲರ್ ನೋಟಿನಲ್ಲಿದೆ. ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಇದ್ದವರಿಗೂ ಅದರಲ್ಲಿ ಆಂಬುಲೆನ್ಸ್ ಖರ್ಚು ಸೇರಿಲ್ಲ. ಟೆಂಪರರಿ ವೀಸಾದ ಭಾರತೀಯರಿಗೆ ಸಾಮಾನ್ಯವಾಗಿ ಮೆಡಿಕೇರೇ ಇಲ್ಲ. ಇನ್ಶೂರೆನ್ಸಿನಲ್ಲಿ ಆಂಬುಲೆನ್ಸ್ ಇದೆಯೇ, ವಿಮಾನವೂ ಸೇರಿದೆಯೇ ಎಂದು ಬರಹದಲ್ಲೇ ಕೇಳಿಕೊಳ್ಳಿ.

ಇನ್ನು ಊಟ. ಕೆಲವು ರಾಜ್ಯಗಳ ಗಡಿಯಲ್ಲಿ ಹಣ್ಣು ತರಕಾರಿ ಚೆಕ್‌ಪೋಸ್ಟ್ ಇರುತ್ತದೆ, ಹಣ್ಣಿನ ನೊಣ ಹರಡದಿರಲಿ ಅಂತ. ಮಿಲ್ಡುರಾ ಕಡೆಯಿಂದ ಸೌತ್ ಆಸ್ಟ್ರೇಲಿಯಾಕ್ಕೆ ದಾಟುವಾಗ ಯಾಂಬಾದಲ್ಲಿ ನಮ್ಮನ್ನು ನಿಲ್ಲಿಸಿದರು. ಒಂದು ಕೆ.ಜಿ. ಟೊಮ್ಯಾಟೊ, ಹಸಿಮೆಣಸಿನಕಾಯಿ, ಗೆಳತಿ ಹಿತ್ತಲಿನಿಂದ ಕೊಟ್ಟ ನಿಂಬೆಹಣ್ಣು. ಎಲ್ಲ ಅಲ್ಲೇ ಬಿಟ್ಟೆವು. ಮುಂಚೆಯೇ ಹೇಳಿದ್ದರಿಂದ ದಂಡ ಬೀಳಲಿಲ್ಲ, ಬಚ್ಚಿಟ್ಟರೆ ಬೀಳುತ್ತದೆ. ಕರಿಬೇವನ್ನು ಪುಡಿಯಾಗಿ ಒಯ್ಯಿರಿ. ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ರವೆ ಇದ್ದರೆ ಸಸ್ಯಾಹಾರಿಗಳಿಗೂ ಚಿಂತೆಯಿಲ್ಲ. ಊರಿನ ಪಾರ್ಕುಗಳಲ್ಲಿ ಬಟನ್ ಒತ್ತಿದರೆ ಬಿಸಿಯಾಗುವ ಬಾರ್ಬೆಕ್ಯೂ ತಟ್ಟೆ ಇರುತ್ತದೆ, ಬಹಳ ಕಡೆ ಪುಕ್ಕಟೆ. ಹಿಂದಿನವರು ಅದರ ಮೇಲೆ ಏನು ಸುಟ್ಟಿದ್ದಾರೆ ಅಂತ ಮೂಗೇ ಹೇಳುತ್ತದೆ. ನಾವು ಬೇಕಿಂಗ್ ಪೇಪರ್ ಹಾಸಿ ರವೆದೋಸೆ ಹಾಕಿದೆವು. ಗರಿಗರಿ ಬರಲಿಲ್ಲ, ಆದರೂ ಎಂಟು ಖಾಲಿಯಾಯಿತು. ಬೆಂಕಿ ನಿಷೇಧದ ದಿನ ಸೌದೆ ಹಚ್ಚುವುದು ಅಪರಾಧ. ಗ್ಯಾಸ್ ಸ್ಟೌವಿಗೂ ಷರತ್ತಿರುತ್ತದೆ, ಬೆಳಗ್ಗೆಯೇ ವಿಚಾರಿಸಿ.

ಮಲಗಲು ರಸ್ತೆ ಬದಿಯ ರೆಸ್ಟ್ ಏರಿಯಾ, ಕ್ಯಾರವಾನ್ ಪಾರ್ಕ್, ಹಾಸ್ಟೆಲ್ ಇವೆ. ಎಲ್ಲೂ ಮದುವೆ ಸರ್ಟಿಫಿಕೇಟ್ ಕೇಳುವುದಿಲ್ಲ, ಮದುವೆಯಾಗದ ಜೋಡಿಗೂ ಯಾರೂ ಹುಬ್ಬೇರಿಸುವುದಿಲ್ಲ. ಮುಂದೆ ಪಾರ್ಟ್‌ನರ್ ವೀಸಾ ಹಾಕುವವರು ಇಬ್ಬರ ಹೆಸರಿನಲ್ಲಿರುವ ಬುಕಿಂಗ್‌ಗಳನ್ನು ಎತ್ತಿಡಿ, ಸಾಕ್ಷಿಗೆ ಬರುತ್ತವೆ.

ನಡುನಾಡಿನ ದೊಡ್ಡ ಕೆಂಪು ಬಂಡೆ ಉಲುರು ಬಗ್ಗೆ ಎಲ್ಲರೂ ಕೇಳುವುದು ಹತ್ತಬಹುದಾ ಅಂತ. ಇಲ್ಲ. 2019ರ ಅಕ್ಟೋಬರ್ 26ರಿಂದ ಹತ್ತುವುದು ನಿಂತಿದೆ. 1985ರಲ್ಲಿ ಅದೇ ದಿನ ಆ ನೆಲವನ್ನು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಹಿಂದಿರುಗಿಸಿದ್ದರು. ಅವರಿಗೆ ಅದು ಪವಿತ್ರ ಜಾಗ. ಚಪ್ಪಲಿ ಹೊರಗೆ ಬಿಟ್ಟು ಗುಡಿಯೊಳಗೆ ಹೋಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುತ್ತ ನಡೆಯಲು 10 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಪ್ರದಕ್ಷಿಣೆಯೇ. ಕೆಲವು ಕಡೆ ಫೋಟೋ ಬೇಡ ಅಂತ ಬೋರ್ಡಿದೆ, ಆಗ ಫೋನ್ ಜೇಬಿನಲ್ಲಿರಲಿ. ನಾವು ಹೋದಾಗ ಮೂರು ದಿನದ ಪಾಸು ತಲೆಗೆ 38 ಡಾಲರ್. ಪಾರ್ಕಿನೊಳಗೆ ಟೆಂಟ್ ಹಾಕುವಂತಿಲ್ಲ, ಪಾರ್ಕಿನ ಹೊರಗಿನ ಯುಲಾರಾ ಊರಿನಲ್ಲಿ ಮುಂಚೆಯೇ ಬುಕ್ ಮಾಡಿ. ಹೈವೇ ಬಿಟ್ಟು ಅಬೊರಿಜಿನಲ್ ಜನರ ಜಮೀನಿನ ರಸ್ತೆಗಳಿಗೆ ಹೋಗಲು ಬಹಳ ಕಡೆ ಪರ್ಮಿಟ್ ಬೇಕು. ಬೇರೆಯವರ ಜಮೀನಿಗೆ ಕೇಳಿಯೇ ಕಾಲಿಡುವ ಹಾಗೆ.

ಊರಿನಲ್ಲಿ ಕೂತು ಇದನ್ನು ಓದುತ್ತಿರುವ ಹುಡುಗ-ಹುಡುಗಿಯರಿಗೆ ಒಂದು ಮಾತು. ದುಡಿಯುತ್ತಾ ಸುತ್ತುವ 462 ವೀಸಾ 2024ರಿಂದ ಭಾರತೀಯರಿಗೂ ಇದೆ. 18ರಿಂದ 30ರ ವಯಸ್ಸು, ವರ್ಷಕ್ಕೆ 1,000 ಜಾಗ, ಲಾಟರಿ. ಗಂಡ-ಹೆಂಡತಿ ಒಂದೇ ಅರ್ಜಿಯಲ್ಲಿ ಬರುವಂತಿಲ್ಲ. ಇಬ್ಬರೂ ಬೇರೆ ಬೇರೆ ಹೆಸರು ಹಾಕಬೇಕು. ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದಿದ್ದರೆ ಏನು ಮಾಡುತ್ತೀರಿ ಎಂದು ದುಡ್ಡು ಕಟ್ಟುವ ಮುಂಚೆಯೇ ಮಾತಾಡಿಕೊಳ್ಳಿ.

ಕೊನೆಗೆ ಗಡಿಯಾರ. ಪ್ರತಿ ದಿನ ಎಲ್ಲಿಂದ ಎಲ್ಲಿಗೆ ಎಂದು ಮೆಲ್ಬರ್ನಿನ ಸ್ನೇಹಿತರಿಗೆ ಬರೆದುಕೊಟ್ಟಿದ್ದೆವು. ರಾತ್ರಿ 8ರೊಳಗೆ ಫೋನ್ ಬಾರದಿದ್ದರೆ ಪೊಲೀಸರಿಗೆ ಹೇಳಿ ಅಂತ ಮಾತಾಗಿತ್ತು. ಕ್ಯಾಥರಿನ್ ಅನ್ನೋ ಊರು ತಲುಪಿದ ದಿನ ಸ್ನಾನ ಮಾಡಿ, ಊಟ ಮುಗಿಸಿ, ಎಂಟಕ್ಕೆ ಐದು ನಿಮಿಷವಿರುವಾಗ ಆರಾಮವಾಗಿ ಫೋನ್ ಮಾಡಿದೆ. ಚಳಿಗಾಲದಲ್ಲಿ ನಾರ್ದರ್ನ್ ಟೆರಿಟರಿಯ ಸಮಯ ಮೆಲ್ಬರ್ನಿಗಿಂತ ಅರ್ಧ ಗಂಟೆ ಹಿಂದೆ. ಅಲ್ಲಿ ಆಗಲೇ 8:25. ಸ್ನೇಹಿತರ ಹೆಂಡತಿ ಫೋನ್ ಎತ್ತಿದರು. "ಇವರು ಇನ್ನೊಂದು ಫೋನಲ್ಲಿ ಪೊಲೀಸರಿಗೆ ನಿಮ್ಮ ಗಾಡಿ ನಂಬರ್ ಹೇಳ್ತಿದ್ದಾರೆ, ಒಂದ್ನಿಮಿಷ ಇರಿ" ಅಂದರು.