ಬ್ಲಾಗರ್ ಬಿಟ್ಟೆ, ಹಳೇ ವಿಳಾಸ ಬಿಡಲಿಲ್ಲ

"ಬ್ಲಾಗರ್‌ನಿಂದ ಎದ್ದರೆ ಗೂಗಲ್‌ನಿಂದ ಬರೋ ಓದುಗರು ಅರ್ಧಕ್ಕರ್ಧ ಹೋಗ್ತಾರೆ, ಸುಮ್ನೆ ಇರು" ಎಂದು ಮೂರ್ನಾಲ್ಕು ಜನ ಹೇಳಿದ್ದರು. ಗೂಗಲ್‌ನ ಆ ಪುಕ್ಕಟೆ ಬ್ಲಾಗ್ ತಾಣದಿಂದ ಎದ್ದು ಐದು ತಿಂಗಳಾಯಿತು. ಒಂದೆಲಗದ ತಂಬುಳಿ ಹುಡುಕಿದರೆ ಈಗಲೂ ನನ್ನ ಪುಟ ಮೇಲೇ ಬರುತ್ತದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನದು ಅಡುಗೆ ಬ್ಲಾಗು, 2009ರಿಂದ. ಸುಮಾರು 640 ಬರಹ, ಎರಡು ಸಾವಿರ ಚಿಲ್ಲರೆ ಫೋಟೊ. ಡೊಮೇನ್, ಅಂದರೆ ತಾಣದ ವಿಳಾಸ, ಮೊದಲಿಂದಲೂ ನನ್ನದೇ. ಬ್ಲಾಗರ್ ಕೊಡುವ ಬ್ಲಾಗ್‌ಸ್ಪಾಟ್ ವಿಳಾಸದಲ್ಲೇ ಇರುವವರಿಗೆ ಈ ದಾರಿ ಆಗಲ್ಲ, ಮೊದಲೇ ಹೇಳಿಬಿಡ್ತೀನಿ.

ಮೊದಲು ಪ್ರಯತ್ನಿಸಿದ್ದು ಬ್ಲಾಗು ನಡೆಸುವ ಇನ್ನೊಂದು ತಂತ್ರಾಂಶ ವರ್ಡ್‌ಪ್ರೆಸ್. ಹೋಸ್ಟಿಂಗ್‌ಗೆ, ಅಂದರೆ ತಾಣ ಇಡುವ ಜಾಗದ ಬಾಡಿಗೆಗೆ, ಮೊದಲ ವರ್ಷ 1,900 ರೂಪಾಯಿ. ಅಗ್ಗ ಅಲ್ವಾ? ಎರಡನೇ ವರ್ಷದಿಂದ ಏಳು ಸಾವಿರದ ಹತ್ತಿರ. ಅಡುಗೆ ಬ್ಲಾಗಿನಿಂದ ನನಗೆ ವರ್ಷಕ್ಕೆ ಅಷ್ಟು ಹುಟ್ಟುವುದೂ ಇಲ್ಲ. ದುಡ್ಡಿಗಿಂತ ಜಾಸ್ತಿ ಕಾಡಿದ್ದು ಸ್ಲಗ್, ಅಂದರೆ ವಿಳಾಸದ ಕೊನೆಯಲ್ಲಿ ಬರುವ ಬರಹದ ಹೆಸರು. ಅಲ್ಲಿ ಸ್ಲಗ್‌ಗೆ ಜಾಗ 200 ಅಕ್ಷರ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕಾಗುಣಿತದ ಚಿಹ್ನೆಯೂ ಅಲ್ಲಿ ಶೇಕಡಾ ಗುರುತುಗಳ ಸಾಲಾಗಿ ಒಂಬತ್ತು ಜಾಗ ತಿನ್ನುತ್ತದೆ. 'ಮಳೆಗಾಲದ ಕೆಸುವಿನೆಲೆ ಪತ್ರೊಡೆ ಮಾಡುವ ಬಗೆ' ಎಂದು ಕೊಟ್ಟರೆ 'ಪತ್ರೊ' ತನಕ ಬಂದು ನಿಂತಿತು. ಡೆ ಇಲ್ಲ! ಒಬ್ಬರು ಎಲ್ಲ ಸರಿಮಾಡಿ ಕೊಡಲು 15 ಸಾವಿರ ಕೇಳಿದರು. ಅಷ್ಟಕ್ಕೆ ಹೊಸ ಗ್ರೈಂಡರೇ ಬರುತ್ತೆ ಎಂದು ಬೇಡವೆಂದೆ.

ಆಮೇಲೆ ಪುಟಗಳನ್ನು ಮೊದಲೇ ಕಟ್ಟಿಕೊಡುವ ಹ್ಯೂಗೊ ತಂತ್ರಾಂಶ, ಅವನ್ನು ಪುಕ್ಕಟೆ ಇಡಲು ಗಿಟ್‌ಹಬ್ ಪೇಜಸ್. ಹೋಸ್ಟಿಂಗ್ ಖರ್ಚು ಸೊನ್ನೆ, ಡೊಮೇನ್‌ಗೆ ವರ್ಷಕ್ಕೆ ಸಾವಿರದೊಳಗೆ.

ಬರೀ ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ಬ್ಲಾಗರ್ ಏನು ಮಾಡುತ್ತದೆ ಗೊತ್ತಲ್ಲ, ತಂಬುಳಿಗೂ ಪತ್ರೊಡೆಗೂ 'ಬ್ಲಾಗ್-ಪೋಸ್ಟ್' ಅಂತಲೇ ಹೆಸರು, ಹಿಂದೆ ಒಂದು ನಂಬರು. ಎಲ್ಲರೂ ಈ ಕೆಟ್ಟ ವಿಳಾಸ ತೆಗೆದು ಚೆಂದದ್ದು ಕೊಡು, ಹಳೇದಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ರೀಡೈರೆಕ್ಟ್ ಹಾಕು ಅಂದರು. ನಾನು ಮುಟ್ಟಲಿಲ್ಲ. ಬ್ಲಾಗರ್‌ನಿಂದ ಇಳಿಸಿಕೊಂಡ ಬ್ಯಾಕಪ್ ಫೈಲಿನಲ್ಲಿ ಪ್ರತಿ ಬರಹದ ಹಳೇ ವಿಳಾಸ ಇದ್ದೇ ಇರುತ್ತದೆ. ಸಣ್ಣ ಪೈಥಾನ್ ಸ್ಕ್ರಿಪ್ಟಿನಲ್ಲಿ ಅದನ್ನೇ ಎತ್ತಿ ಹ್ಯೂಗೊ ಫೈಲಿನ ತಲೆಯಲ್ಲಿ ಯುಆರ್‌ಎಲ್ (ವಿಳಾಸ) ಅಂತ ಕೂರಿಸಿದೆ, ಕೊನೆಯ ಎಚ್‌ಟಿಎಂಎಲ್ ಬಾಲದ ಸಮೇತ. ಗೂಗಲ್‌ಗೆ ಮನೆ ಬದಲಾಗಿದ್ದೇ ಗೊತ್ತಾಗಲಿಲ್ಲ ಅಂತ ಕಾಣುತ್ತೆ.

ಫೋಟೊದಲ್ಲಿ ಎರಡು ಸಲ ಎಡವಿದೆ. ನಾನು ಇಳಿಸಿಕೊಂಡ ಬ್ಯಾಕಪ್ ಫೈಲಿನಲ್ಲಿ ಫೋಟೊ ಇರಲಿಲ್ಲ, ಕೊಂಡಿ ಮಾತ್ರ. ಕೊಂಡಿ ಹಿಡಿದು ರಾತ್ರಿಯೆಲ್ಲ ಇಳಿಸಿದೆ. ಬೆಳಿಗ್ಗೆ ನೋಡಿದರೆ ಎಲ್ಲ ಅಂಚೆಚೀಟಿ. ಕೊಂಡಿಯ ನಡುವೆ 'ಎಸ್320' ಅಂತ ಇತ್ತು, ಅದನ್ನು 'ಎಸ್0' ಮಾಡಿದರೆ ಮೂಲ ಫೋಟೊ ಬರುತ್ತೆ. ಮಾಡಿದೆ. ಈಗ ಮೂರು ಜಿಬಿ ಹತ್ತಿರ ಆಯಿತು. ಗಿಟ್‌ಹಬ್ ಪೇಜಸ್ ಮಿತಿ 1 ಜಿಬಿ! 1,200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಕಡಿಮೆ ಜಾಗ ಹಿಡಿಯುವ ವೆಬ್‌ಪಿ ರೂಪಕ್ಕೆ ಮಾಡಿದ ಮೇಲೆ 200 ಎಂಬಿ ಒಳಗೆ ಬಂತು. ಒಗ್ಗರಣೆಯ ಸಾಸಿವೆ ಈಗಲೂ ಎಣಿಸಬಹುದು.

ನಡುವೆ ಒಂದು ವಾರ ಫಾಂಟಿನ ಹುಚ್ಚು. ನೋಟೊ ಸೆರಿಫ್ ಕನ್ನಡ ಹಾಕಿದೆ, ಲ್ಯಾಪ್‌ಟಾಪಿನಲ್ಲಿ ಬಲು ಚೆಂದ. ಊರಿನ ನೆಟ್‌ವರ್ಕಿನಲ್ಲಿ ಅಮ್ಮನ ಫೋನಿಗೆ ಪುಟ ಬರುವಷ್ಟರಲ್ಲಿ ಹಾಲು ಉಕ್ಕಿತಂತೆ. ತೆಗೆದೆ. ಫೋನಿನಲ್ಲಿರುವ ಫಾಂಟೇ ಸಾಕು.

ಹಳೇ ಕಾಮೆಂಟುಗಳೂ ಬರಹದ ಕೆಳಗೇ ಬಂದಿವೆ. ಉತ್ತರಗಳು ಅವರವರ ಪ್ರಶ್ನೆಯ ಕೆಳಗೇ ಕೂರುವ ಹಾಗೆ ಮಾಡಿದ ಉಪಾಯ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆದರೆ ಒಂದು ಮಾತು ಮಾತ್ರ ಹೇಳಲೇಬೇಕು. ಬ್ಯಾಕಪ್‌ನಲ್ಲಿ ಡ್ರಾಫ್ಟುಗಳೂ ಬರುತ್ತವೆ. ನನ್ನ ಸ್ಕ್ರಿಪ್ಟು ಅದನ್ನು ನೋಡಿರಲಿಲ್ಲ. ಎಂದೋ ಸಿಟ್ಟಿನಲ್ಲಿ ಗೀಚಿ ಬಿಟ್ಟಿದ್ದ 30-40 ಡ್ರಾಫ್ಟು ಒಂದು ಮಧ್ಯಾಹ್ನ ಊರಿಗೆಲ್ಲ ಕಾಣುತ್ತಿದ್ದವು. ಸಂಜೆ ಅತ್ತಿಗೆಯ ಫೋನು: "ಏನೇ, ಯುಗಾದಿಗೆ ನಾನು ಮಾಡಿದ್ದ ಹೋಳಿಗೆ ರಬ್ಬರ್ ಥರ ಇತ್ತಾ?"